ಪಾಳಿಗೆ ಹಚ್ಚದ ಡಬ್ಬಿ

ಕೇಳುಗರಿಗೆ ನಮಸ್ಕಾರ.

ದೀಪಾವಳಿ ಮುಗಿದ ಮೂರನೇ ದಿನ ನನ್ನ ಅಕ್ಕನ ಮಗ ಒಂದು ಫೈಲು ಬಗಲಲ್ಲಿಟ್ಟುಕೊಂಡು ಮನೆಗೆ ಬಂದ. ಹುಬ್ಬಳ್ಳಿಯಿಂದ ಗದಗ ರಸ್ತೆಯ ಕಡೆಗೆ ಅವರದು ಹತ್ತು ಎಕರೆ ಎರಿ ಹೊಲ. ಹತ್ತಿ, ಕಡಲೆ ಬೆಳೆದ ಭೂಮಿ. ಊರು ಬೆಳೆಯುತ್ತ ಬೆಳೆಯುತ್ತ ಹೊಲದ ಬದುವಿಗೇ ಬಂದು ನಿಂತಿದೆ. ಈಗ ಒಬ್ಬ ಬಿಲ್ಡರರ ಜೊತೆ ಜಂಟಿ ಅಭಿವೃದ್ಧಿ ಕರಾರು ಆಗಬೇಕು: ಹೊಲ ಇವರದು, ಬಡಾವಣೆ ಮಾಡುವವರು ಅವರು. “ಮಾಮಾ, ಸಹಿ ಮಾಡೂಕಿಂತ ಮೊದಲ ನೀವೊಮ್ಮೆ ಕಣ್ಣಾಡಸ್ರಿ” ಅಂದ. ನಾನು ವಕೀಲನಲ್ಲ. ನೀರು, ಒಳಚರಂಡಿ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದ ಎಂಜಿನಿಯರ್. ಹಾಗಾಗಿ ಕಾಗದ ಕೈಗೆ ಬಂದರೆ ನನ್ನ ಕಣ್ಣು ಮೊದಲು ಗಟಾರದ ಕಡೆಗೇ ಓಡುತ್ತದೆ.

ಕರಾರು 31 ಪುಟ. ಯಾರ ಪಾಲು ಎಷ್ಟು, ಉತಾರ ಯಾರ ಹೆಸರಿಗೆ, ಹೊಲವನ್ನು ಎನ್‌ಎ ಅಂದರೆ ಕೃಷಿಯೇತರ ಮಾಡಿಸುವ ಖರ್ಚು ಯಾರದು, ಎಲ್ಲ ಇತ್ತು. ಬಡಾವಣೆಯ ಕಮಾನಿಗೆ ಯಾವ ಕಲ್ಲು, ಗಾರ್ಡನ್ನಿಗೆ ಎಂಥ ದೀಪ ಎಂಬುದಕ್ಕೇ ಅರ್ಧ ಪುಟ. ಕೊಳಚೆ ನೀರಿನ ಬಗ್ಗೆ ಮಾತ್ರ ಒಂದೇ ಸಾಲು: ‘ನಿಯಮಾನುಸಾರ ಒಳಚರಂಡಿ ವ್ಯವಸ್ಥೆ ಮಾಡಿಕೊಡತಕ್ಕದ್ದು.’

ಬಿಲ್ಡರರಿಗೆ ಫೋನು ಹಚ್ಚಿದೆವು. “ಸರ, ಅದರದೇನ್ ಕಾಳಜಿ ಮಾಡಬ್ಯಾಡ್ರಿ. ಯುಜಿಡಿ ಪೈಪು ನಮ್ಮ ಗೇಟಿನ ಮುಂದನ ಹಾದು ಹೋಗೇತ್ರಿ” ಅಂದರು. ಯುಜಿಡಿ ಅಂದರೆ ಪಾಲಿಕೆಯ ಒಳಚರಂಡಿ. ಸುಳ್ಳಲ್ಲ, ಪೈಪು ಇದೆ. ಆದರೆ ನಾನು ಕೇಳಿದ್ದು ಪೈಪಿನ ಬಗ್ಗೆ ಅಲ್ಲ. ಆ ಪೈಪು ಕೊನೆಗೆ ಹೋಗಿ ಮುಟ್ಟುವ ಶುದ್ಧೀಕರಣ ಘಟಕದಲ್ಲಿ ನಮ್ಮ ಇನ್ನೂರು ಮನೆಗಳ ನೀರಿಗೆ ಜಾಗ ಇದೆಯೇ ಎಂದು ಕೇಳಿದ್ದೆ.

ಹಿಟ್ಟಿನ ಗಿರಣಿ ನೆನಪು ಮಾಡಿಕೊಳ್ಳಿ. ಗಿರಣಿಯವರೆಗೆ ರಸ್ತೆ ಇದೆ, ಬಾಗಿಲು ತೆರೆದಿದೆ. ಅಷ್ಟರಿಂದ ನಮ್ಮ ಜೋಳ ಹಿಟ್ಟಾಗುವುದಿಲ್ಲ. ಡಬ್ಬಿ ಪಾಳಿಗೆ ಹಚ್ಚಬೇಕು. ಗಿರಣಿಯವನು ದಿನಕ್ಕೆ ನೂರು ಡಬ್ಬಿ ಬೀಸಬಲ್ಲವನು ನೂರೈವತ್ತು ಮಂದಿಗೆ ‘ಸಂಜಿಕೆ ಬರ್ರಿ’ ಅಂದರೆ ಐವತ್ತು ಮನೆಯಲ್ಲಿ ಅಂದು ರೊಟ್ಟಿ ಇಲ್ಲ. ಜೋಳವಾದರೆ ಡಬ್ಬಿಯಲ್ಲೇ ನಾಳೆಯವರೆಗೆ ಕಾಯುತ್ತದೆ. ಕೊಳಚೆ ಕಾಯುವುದಿಲ್ಲ, ದಾರಿ ಸಿಕ್ಕ ಕಡೆ ಹರಿದು ಹಳ್ಳ ಸೇರುತ್ತದೆ.

ಲೆಕ್ಕ ಹಾಕಿ ನೋಡೋಣ. ಹತ್ತು ಎಕರೆಯಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ತೆಗೆದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಯಿತು ಅನ್ನಿ. 30–40ರ ಪ್ಲಾಟು ಹತ್ತಿರಹತ್ತಿರ 200 ಬೀಳುತ್ತವೆ. ಮನೆಗೆ ಐದು ಮಂದಿ ಹಿಡಿದರೆ 1,000 ಜನ. ಒಳಚರಂಡಿ ಇರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ನಮ್ಮ ಎಂಜಿನಿಯರುಗಳ ವಾಡಿಕೆಯ ಅಳತೆ. ಅದರಲ್ಲಿ ಶೇಕಡಾ 80 ಭಾಗ ಕೊಳಚೆಯಾಗಿ ಹೊರಗೆ ಬರುತ್ತದೆ. ಅಂದರೆ ದಿನಕ್ಕೆ 1,08,000 ಲೀಟರ್. ಮೇಲೊಂದು ಮಜಲು ಕಟ್ಟಿ ಬಾಡಿಗೆಗೆ ಕೊಡದವರು ನಮ್ಮಲ್ಲಿ ಯಾರಿದ್ದಾರೆ? ಕೊಟ್ಟರೆ ಅದೇ 2,16,000 ಆಯಿತು. ಆ ನೀರು ದಿನವಿಡೀ ಒಂದೇ ಸಮ ಬರುವುದೂ ಇಲ್ಲ. ಮುಂಜಾನೆ ಆರರಿಂದ ಒಂಬತ್ತು, ಸ್ನಾನ, ನಾಷ್ಟಾ, ಬಟ್ಟೆ ಎಲ್ಲ ಒಟ್ಟಿಗೆ. ಸಣ್ಣ ವಸತಿಗೆ ಪೈಪಿನ ಗಾತ್ರ ಕಟ್ಟುವಾಗ ಸರಾಸರಿಯ ಮೂರು ಪಟ್ಟು ಹಿಡಿಯುವುದು ಅದಕ್ಕೇ.

ನಾವು ಅವಳಿ ನಗರದವರು ಬರುವ ನೀರನ್ನು ಎಣಿಸಿ ಬದುಕಿದವರು. ಸವದತ್ತಿಯ ರೇಣುಕಾಸಾಗರದಿಂದ ಮಲಪ್ರಭೆ ಯಾವ ದಿನ ನಮ್ಮ ಓಣಿಗೆ ಬರುತ್ತಾಳೆ ಎಂಬುದು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಸಂಗತಿ. ಹೋಗುವ ನೀರನ್ನು ಯಾರೂ ಎಣಿಸಲಿಲ್ಲ. ಬ್ಯಾರಲ್ಲು ತುಂಬಿಟ್ಟು ಕೈ ಹಿಡಿದು ಬಳಸಿದ ಕಾಲದಲ್ಲಿ ಅದು ನಡೆಯಿತು. ಆದರೆ 2008ರಿಂದ ಕೆಲವು ವಾರ್ಡುಗಳಲ್ಲಿ ಶುರುವಾದ ಇಪ್ಪತ್ನಾಲ್ಕು ತಾಸಿನ ನೀರು ಊರೆಲ್ಲ ಹಬ್ಬಿದರೆ ಆ 135 ಲೀಟರ್ ಪುಸ್ತಕದ ಅಂಕಿಯಾಗಿ ಉಳಿಯುವುದಿಲ್ಲ.

ಘಟಕದಲ್ಲಿ ಜಾಗ ಸಾಲದಿದ್ದರೆ ಏನಾಗುತ್ತದೆ? ಅಲ್ಲಿ ಕೆಲಸ ಮಾಡುವವರು ಮನುಷ್ಯರಿಗಿಂತ ಹೆಚ್ಚಾಗಿ ಸೂಕ್ಷ್ಮಜೀವಿಗಳು. ಗಾಳಿ ಊದಿದ ತೊಟ್ಟಿಯಲ್ಲಿ ಅವು ಕೊಳಚೆಯ ಸತ್ವವನ್ನು ತಿಂದು ನೀರು ತಿಳಿ ಮಾಡುತ್ತವೆ. ತಿನ್ನಲು ಅವಕ್ಕೆ ಇಷ್ಟು ತಾಸು ಎಂದು ಇದೆ. ಹೆಚ್ಚು ನೀರು ನುಗ್ಗಿದರೆ ಆ ತಾಸು ಸಿಗುವುದಿಲ್ಲ. ಅರ್ಧ ತಿಂದದ್ದು ಹೊರಗೆ ಹೋಗುತ್ತದೆ, ನುಗ್ಗಾಟ ಜೋರಾದರೆ ಜೀವಿಗಳೇ ಕೊಚ್ಚಿ ಹೋಗುತ್ತವೆ. ಆಗ ಕೆಡುವುದು ಹೊಸ ಬಡಾವಣೆಯ ನೀರಷ್ಟೇ ಅಲ್ಲ. ಇಪ್ಪತ್ತು ವರ್ಷದಿಂದ ಕರ ಕಟ್ಟುತ್ತ ಬಂದ ಹಳೆಯ ಓಣಿಯ ನೀರೂ ಕೆಟ್ಟೇ ಹೊರಬೀಳುತ್ತದೆ. ಬಿಡ್ನಾಳ, ಗಬ್ಬೂರಿನ ಕಡೆ ನಾಲಾದ ನೀರು ಎತ್ತಿ ಕಾಯಿಪಲ್ಯ ಬೆಳೆದ ರೈತರನ್ನು ಕೇಳಿ. ಗೊಬ್ಬರದ ಖರ್ಚು ಉಳಿಯಿತು ಎನ್ನುತ್ತಾರೆ, ಅದೇ ಉಸಿರಿನಲ್ಲಿ ಕೈಕಾಲು ತುರಿಕೆಯ ಮಾತೂ ಬರುತ್ತದೆ.

ಇನ್ನೊಂದು ತೊಡಕು ನಮ್ಮ ನೆಲದ್ದೇ. ಧಾರವಾಡ ಕೂತಿರುವುದು ದಿಬ್ಬದ ಮೇಲೆ. ಒಂದು ಇಳಿಜಾರಿನ ಮಳೆ ಶಾಲ್ಮಲೆ, ಬೇಡ್ತಿ ಹಿಡಿದು ಅಂಕೋಲೆಯ ಕಡೆ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಇನ್ನೊಂದು ಇಳಿಜಾರಿನದು ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆ ಎಂದು ಸುತ್ತಿ ಬಂಗಾಳಕೊಲ್ಲಿ ಸೇರುತ್ತದೆ. ಪ್ರವಾಸಿಗರಿಗೆ ಹೇಳಲು ಚಂದದ ಮಾತು, ಒಳಚರಂಡಿಯವನಿಗೆ ತಲೆನೋವು. ಕೊಳಚೆಯೂ ಇಳಿಜಾರನ್ನೇ ನಂಬಿದೆ. ಈ ಮಗ್ಗುಲಿನ ಘಟಕದಲ್ಲಿ ಜಾಗ ಖಾಲಿ ಇದ್ದರೆ ಆ ಮಗ್ಗುಲಿನ ಬಡಾವಣೆಗೆ ಲಾಭವಿಲ್ಲ, ನಡುವೆ ಬಾವಿ ತೋಡಿ ಪಂಪು ಕೂಡಿಸದ ಹೊರತು. ಅದಕ್ಕೇ ‘ಪಾಲಿಕೆಯ ಒಳಚರಂಡಿಗೆ’ ಎಂದು ಬರೆದರೆ ಸಾಲದು. ಯಾವ ಘಟಕ, ಯಾವ ಪಂಪಿಂಗ್ ಸ್ಟೇಷನ್ ಎಂದು ಹೆಸರು ಹಿಡಿದೇ ಬರೆಯಬೇಕು.

‘ಅಲ್ಲಿಯತನಕ ಇಂಗು ಗುಂಡಿ ಮಾಡಿದರ ಆತು’ ಎನ್ನುವವರಿದ್ದಾರೆ. ಕೆಂಪು ಮಣ್ಣಿನಲ್ಲಿ ಸರಿ. ನಮ್ಮ ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬಿ ಮುಚ್ಚಿಕೊಂಡುಬಿಡುತ್ತದೆ, ಒಂದು ತಂಬಿಗೆ ನೀರೂ ಇಂಗುವುದಿಲ್ಲ. ಬ್ಯಾಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು ಪೈಪಿನ ಕೀಲು ಕಳಚುತ್ತದೆ. ಬಡಾವಣೆಯೊಳಗೇ ಒಂದು ಸಣ್ಣ ಶುದ್ಧೀಕರಣ ಘಟಕ ಕಟ್ಟುವ ಉಪಾಯವೂ ಇದೆ. ಅಪಾರ್ಟ್‌ಮೆಂಟಿಗೆ ಅದು ಒಪ್ಪುತ್ತದೆ, ಮಂದಿ ಒಮ್ಮೆಲೇ ಬಂದು ಇರುತ್ತಾರೆ. ಪ್ಲಾಟಿನ ಬಡಾವಣೆಯ ಕಥೆ ಬೇರೆ. ಕೊಂಡವರಲ್ಲಿ ಬಹಳ ಮಂದಿ ಮಗಳ ಮದುವೆಗೆ ಇರಲಿ ಎಂದು ಇಟ್ಟವರು. ಐದು ವರ್ಷವಾದರೂ ಇನ್ನೂರರಲ್ಲಿ ಹನ್ನೆರಡು ಮನೆ, ಉಳಿದದ್ದೆಲ್ಲ ಕಾಂಗ್ರೆಸ್ ಕಸ. ಹನ್ನೆರಡು ಮನೆಯ ನೀರಿಗೆ ಆ ಸೂಕ್ಷ್ಮಜೀವಿಗಳು ಉಪವಾಸ ಬೀಳುತ್ತವೆ, ಕರೆಂಟ್ ಬಿಲ್ ಮಾತ್ರ ತಪ್ಪುವುದಿಲ್ಲ.

ಘಟಕದಲ್ಲಿ ಮುಂಚೆಯೇ ಜಾಗ ಕಾಯ್ದಿರಿಸುವ ಕೆಲಸಕ್ಕೆ ಈ ಖಾಲಿ ಪ್ಲಾಟುಗಳೇ ಕಗ್ಗಂಟು. ಇನ್ನೂರು ಮನೆಯ ಜಾಗ ಹಿಡಿದಿಟ್ಟು ಹನ್ನೆರಡೇ ಬಳಸಿದರೆ, ಪಕ್ಕದಲ್ಲಿ ನಿಜವಾಗಿ ಮನೆ ಕಟ್ಟುವವನಿಗೆ ‘ಜಾಗ ಇಲ್ಲ’ ಎನ್ನಬೇಕಾಗುತ್ತದೆ. ಹಿಡಿದಿಡದಿದ್ದರೆ ಹದಿನೈದನೇ ವರ್ಷ ಮನೆ ಕಟ್ಟಿದವನು ಏನು ಮಾಡಬೇಕು? ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದವರು ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಜೋಡಣೆ ಪಡೆಯುವ ಮೊದಲೇ ಜಾಗ ಹಿಡಿದಿಟ್ಟವನು ಅದಕ್ಕೊಂದು ಶುಲ್ಕ ಕಟ್ಟುತ್ತಾನೆ. ಆದರೆ ಆ ಶುಲ್ಕ ಅಲ್ಲಿಯ ಸರಾಸರಿ ಮನೆಯ ಚರಂಡಿ ಬಿಲ್ಲಿನ ಶೇಕಡಾ 60 ಮೀರುವಂತಿಲ್ಲ. ಘಟಕ ನಡೆಸುವವರು ಮುಂದಿನ 5 ವರ್ಷದಲ್ಲಿ ಎಷ್ಟು ಹೊರೆ ಬೀಳಬಹುದು ಎಂದು ಪ್ರತಿವರ್ಷ ಸರ್ಕಾರಕ್ಕೆ ವರದಿ ಕೊಡಬೇಕು. ಹೊರೆ ಮೀರಿದರೆ ಹೊಸ ಜೋಡಣೆಗೆ ತಡೆ ಬೀಳುತ್ತದೆ. ಅವರ ದುಡ್ಡು, ಅವರ ಕಾನೂನು ನಮಗೆ ಹೊಂದಲಿಕ್ಕಿಲ್ಲ. ನನಗೆ ಹಿಡಿಸಿದ್ದು ಅವರ ಖಾತೆ ಪುಸ್ತಕ. ದಿನಾ ಬರುವ ನೀರು ಇಷ್ಟು, ಮಾತು ಕೊಟ್ಟ ನೀರು ಇಷ್ಟು, ಎರಡೂ ಬೇರೆ ಬೇರೆ ಕಾಲಮ್ಮಿನಲ್ಲಿ. ಬರುವ ನೀರನ್ನಷ್ಟೇ ನೋಡಿದರೆ ಘಟಕ ಯಾವಾಗಲೂ ಅರ್ಧ ಖಾಲಿಯೇ ಕಾಣುತ್ತದೆ.

ಇನ್ನು ಕರಾರಿನ ಮಾತು. ಹೊಲದವರು ಮತ್ತು ಬಿಲ್ಡರು ಎಷ್ಟು ಚಂದ ಬರೆದುಕೊಂಡರೂ ಘಟಕದಲ್ಲಿ ಒಂದು ಕೊಡದಷ್ಟೂ ಜಾಗ ಹುಟ್ಟುವುದಿಲ್ಲ. ಜಾಗ ಕೊಡಬೇಕಾದವರು ಪಾಲಿಕೆ. ಆದ್ದರಿಂದ ದಿನಕ್ಕೆ ಇಷ್ಟು ಲೀಟರ್ ಎಂದು ಅಂಕಿ ಇರುವ ಪತ್ರ ಅವರಿಂದ ಬರಬೇಕು, ಕರಾರಿಗೆ ಅನುಬಂಧವಾಗಿ ಅಂಟಬೇಕು. ಬರೀ ಎನ್‌ಒಸಿ ಬೇಡ, ‘ಅಭ್ಯಂತರವಿಲ್ಲ’ ಎಂದರೆ ‘ಜಾಗ ಇದೆ’ ಎಂದಲ್ಲ. ಆ ಲೀಟರು ಬಿಲ್ಡರರ ಹೆಸರಿಗಲ್ಲ, ಸರ್ವೆ ನಂಬರಿಗೆ ಅಂಟಿರಲಿ. ಇಲ್ಲವಾದರೆ ಅವರ ಇನ್ನೊಂದು ಬಡಾವಣೆಗೆ ಅದು ಸದ್ದಿಲ್ಲದೆ ಹರಿದು ಹೋದೀತು. ಘಟಕ ಹಿಗ್ಗಿಸಬೇಕಾಗಿ ಬಂದರೆ ಆ ಖರ್ಚಿನ ಪಾಲು ಯಾರದು, ಜೋಡಣೆ ತಡವಾದರೆ ಸಕ್ಕಿಂಗ್ ಮಷಿನ್ನಿನ ಬಾಡಿಗೆ ಯಾರ ತಲೆಗೆ, ಇದನ್ನೂ ಬರೆಸಿ. ಪ್ಲಾಟು ಕೊಳ್ಳುವವರಿಗೆ ಒಂದು ಮಾತು: ಸಂಚಕಾರದ ಮುಂಗಡ ಹಣ ಕೊಡುವ ಮೊದಲೇ ಆ ಪತ್ರ ಕೇಳಿ. 2016ರ ರೇರಾ ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಲ್ಲಿ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ಸೇವೆಗಳಲ್ಲಿ ದೋಷ ಕಂಡು ತಿಳಿಸಿದರೆ 30 ದಿನದಲ್ಲಿ ಸ್ವಂತ ಖರ್ಚಿನಲ್ಲಿ ಸರಿಪಡಿಸುವ ಹೊಣೆ ಬಡಾವಣೆ ಮಾಡಿ ಮಾರುವ ಪ್ರವರ್ತಕರದು. ಆದರೆ ಕರಾರಿನಲ್ಲಿ ಅಂಕಿಯೇ ಇಲ್ಲದಿದ್ದರೆ ಏನು ಕಡಿಮೆಯಾಯಿತು ಎಂದು ತೋರಿಸುವುದು ಕಷ್ಟ.

ಮುಂದಿನ ಭೇಟಿ ಅಕ್ಕನ ಮನೆಯ ಪಡಸಾಲೆಯಲ್ಲಿ. ಹೊಲ ಅವಳ ಹೆಸರಿಗಿದೆ. ಬಿಲ್ಡರು ಸಮಾಧಾನದಿಂದಲೇ ಕೇಳಿದರು, ಇಂಥ ಕಲಮು ಇದುವರೆಗೆ ಯಾರೂ ಹಾಕಿಸಿಲ್ಲ ಅಂದರು. ಅಕ್ಕ ಚಹಾ ಕೊಡುತ್ತ, “ಕಮಾನಿಗೆ ಅರ್ಧ ಪುಟ ಬರದೀರಲ್ಲ ತಮ್ಮಾ, ಸಂಡಾಸದ ನೀರಿಗೂ ಅರ್ಧ ಪುಟ ಬರಿರಿ. ನಾ ಹೊಲ ಕೊಡಾಕತ್ತೀನಿ, ಬಾಜೂಕಿನ ಹಳ್ಳ ಕೊಡಾಕತ್ತಿಲ್ಲ” ಅಂದಳು. ಅವರು ನಕ್ಕು ಒಪ್ಪಿದರು. ಹೊಸ ಕಲಮು ಟೈಪಾಗಿ ಬಂದಿದೆ, ‘ದಿನಕ್ಕೆ’ ಮತ್ತು ‘ಲೀಟರ್’ ಎಂಬ ಎರಡು ಶಬ್ದಗಳ ನಡುವೆ ಚುಕ್ಕಿ ಚುಕ್ಕಿ ಗೆರೆ. ಪಾಲಿಕೆಗೆ ಅರ್ಜಿ ಹೋಗಿದೆ. ಉತ್ತರ ಬಂದು ಆ ಗೆರೆಯ ಮೇಲೆ ಅಂಕಿ ಕೂಡುವವರೆಗೆ ಪೆನ್ನು ಮುಟ್ಟುವುದಿಲ್ಲ ಎಂದು ಅಕ್ಕ ಕೂತಿದ್ದಾಳೆ. ಹಿಂಗಾರಿಗೆ ಹೊಲ ಖಾಲಿ ಯಾಕೆ ಬಿಡಬೇಕು ಎಂದು ಈ ಸಲವೂ ಕಡಲೆ ಬಿತ್ತಿಸಿದ್ದಾಳೆ.

ನಮಸ್ಕಾರ.