ಬರೀ ಕಿಟ್ ಹಾಕಿದ್ರೆ ಕಾರ್ಬೊರೇಟರ್ ಸರಿಹೋಗಲ್ರಿ

ನಮಸ್ಕಾರ್ರಿ. ಇವತ್ತು ಸ್ವಲ್ಪ ಜಗಳದ ಮಾತು, ಇಂಜಿನ್‌ಗೆ ಪೆಟ್ರೋಲು ಗಾಳಿ ಬೆರೆಸಿ ಕೊಡೋ ಕಾರ್ಬೊರೇಟರ್ ಬಗ್ಗೆ.

ಬಳ್ಳಾರಿ ಕಡೆ ಹಳೇ ಅಂಬಾಸಿಡರ್, ಪದ್ಮಿನಿ ಇಟ್ಕೊಂಡೋರನ್ನ ಯಾರನ್ನೇ ಕೇಳ್ರಿ, "ಕಾರ್ಬೊರೇಟರ್ ಓವರಾಲ್ ಮಾಡಿಸ್ದೆ, ಆದ್ರೂ ಐಡ್ಲಿಂಗ್ ನಿಲ್ಲವಲ್ದು" ಅಂತಾರೆ. ಅಂದ್ರೆ ಆಕ್ಸಿಲರೇಟರ್ ತುಳಿಯದೆ ಬಿಟ್ರೆ ಇಂಜಿನ್ ಒಂದೇ ಸಮ ಓಡಲ್ಲ. ಏನು ಮಾಡಿಸಿದ್ರಿ ಅಂದ್ರೆ, ರಿಪೇರಿ ಕಿಟ್ ಡಬ್ಬಿಯಿಂದ ಹೊಸ ಗ್ಯಾಸ್ಕೆಟ್, ಹೊಸ ನೀಡಲ್ ವಾಲ್ವ್, ಪೆಟ್ರೋಲಲ್ಲಿ ತೊಳೆದು ಗಾಳಿ ಹೊಡೆದದ್ದು. ನನ್ನ ಕೇಳಿದ್ರೆ ಅದು ಓವರಾಲ್ ಅಲ್ಲ, ಸ್ನಾನ.

ನಮ್ಮ ಕಡೆ ಗಾಡಿಗಳಲ್ಲಿ ನಿಜವಾಗಿ ಸವೆದಿರೋದು ಥ್ರಾಟಲ್ ಸ್ಪಿಂಡಲ್ (ಆಕ್ಸಿಲರೇಟರ್ ತುಳಿದಾಗ ಗಾಳಿ ದಾರಿ ತೆರೆಯೋ ತಟ್ಟೆಯ ಕಡ್ಡಿ), ಅದು ಕೂರೋ ತೂತು. ಕಿಟ್ ಡಬ್ಬಿಯಾಗ ಅದಕ್ಕೆ ಮದ್ದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸೋ ತನಕ ಸಂಡೂರು, ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿ ಹಿಂದೆ ಹಿಂದೆ ಓಡಾಡಿದ ಗಾಡಿಗಳಿವು. ಆ ಕೆಂಪು ಧೂಳಿನಾಗ ಇರೋದು ಐರನ್ ಆಕ್ಸೈಡ್. ಬಂಗಾರಕ್ಕೆ ಪಾಲಿಶ್ ಕೊಡೋ ಕೆಂಪು ಪುಡಿನೂ ಅದೇ ಜಾತಿ! ಏರ್ ಫಿಲ್ಟರ್ ಎಷ್ಟೇ ಚೆನ್ನಾಗಿರ್ಲಿ, ಸ್ಪಿಂಡಲ್ ತುದಿಗಳು ಹೊರಗೇ ಇರ್ತಾವೆ. ಎಣ್ಣೆ ಜಿಡ್ಡಿಗೆ ಧೂಳು ಅಂಟ್ತೈತೆ, ಆಕ್ಸಿಲರೇಟರ್ ತುಳಿದಾಗೆಲ್ಲ ಒಂದು ಸಲ ಉಜ್ಜತೈತೆ. ವರ್ಷಗಟ್ಟಲೆ ಉಜ್ಜಿ ತೂತು ಸಡಿಲಾಗ್ತೈತೆ.

ಆ ಸಂದಿಯಿಂದ ಗಾಳಿ ಒಳಗೆ ಹೋಗ್ತೈತೆ. ಅದು ಜೆಟ್ (ಪೆಟ್ರೋಲ್ ಬರೋ ಸಣ್ಣ ತೂತು) ದಾಟಿದ ಮೇಲೆ ಸೇರೋ ಗಾಳಿ, ಅದಕ್ಕೆ ಸಿಗಬೇಕಾದ ಪೆಟ್ರೋಲ್ ಸಿಗಲ್ಲ. ಐಡ್ಲಿಂಗಲ್ಲಿ ಲೀನ್, ಅಂದ್ರೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ, ಗಾಡಿ ಮಿಸ್ಸಿಂಗ್. ಮೆಕ್ಯಾನಿಕ್ ಬಂದು ಮಿಕ್ಸ್ಚರ್ ರಿಚ್ ಮಾಡ್ತಾನೆ, ಅಂದ್ರೆ ಪೆಟ್ರೋಲ್ ಜಾಸ್ತಿ ಬಿಡ್ತಾನೆ, ಐಡ್ಲಿಂಗ್ ನಿಲ್ತೈತೆ. ರೋಡಿಗೆ ಬಂದು ತುಳಿದ್ರೆ ಥ್ರಾಟಲ್ ಪೂರ್ತಿ ತೆರೆದು ಆ ಸಂದಿ ಗಾಳಿ ಲೆಕ್ಕಕ್ಕೇ ಬರಲ್ಲ, ರಿಚ್ ಮಾಡಿದ್ದು ಮಾತ್ರ ಉಳೀತೈತೆ. ಕರಿ ಹೊಗೆ. ಮೈಲೇಜ್ ಬಿತ್ತು ಅಂತ ಮತ್ತೆ ಗ್ಯಾರೇಜಿಗೆ, ಮತ್ತೆ ಸ್ಕ್ರೂ ತಿರುವೋದು.

ಪರೀಕ್ಷೆ ಸುಲಭ ಐತೆ. ಇಂಜಿನ್ ಬಂದ್ ಮಾಡಿ ಸ್ಪಿಂಡಲ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸ್ರಿ. ಆಮೇಲೆ ಎರಡೂ ತುದಿಗೆ ದಪ್ಪಗೆ ಗ್ರೀಸ್ ಮೆತ್ತಿ ಸ್ಟಾರ್ಟ್ ಮಾಡ್ರಿ. ಐಡ್ಲಿಂಗ್ ಬದಲಾಯ್ತು ಅಂದ್ರೆ ಕಳ್ಳ ಅಲ್ಲೇ ಐದಾನೆ. ಕೆಲವರು ಪೆಟ್ರೋಲ್ ಚಿಮುಕಿಸಿ ನೋಡ್ತಾರೆ. ಅಂಬಾಸಿಡರ್ ಇಂಜಿನ್‌ಗೆ ಇನ್‌ಟೇಕು, ಎಕ್ಸಾಸ್ಟು ಎರಡೂ ಒಂದೇ ಪಕ್ಕ; ಕಾದ ಮ್ಯಾನಿಫೋಲ್ಡ್ ಮೇಲೆ ಪೆಟ್ರೋಲ್ ಬೀಳೋದು ಬ್ಯಾಡ್ರಿ. ಸ್ಪಿಂಡಲ್ ಸಡಿಲ ಇದ್ರೆ ಲೇತ್ ಅಂಗಡಿಗೆ ಒಯ್ದು ತೂತಿಗೆ ಬುಷ್ (ಲೋಹದ ಬಳೆ) ಹಾಕ್ಸಿ, ಹೊಸ ಸ್ಪಿಂಡಲ್ ಕೂಡಿಸ್ರಿ. ಕಿಟ್ ಅದಾದ ಮೇಲೆ.

ಇನ್ನು ಪೆಟ್ರೋಲ್ ಸುದ್ದಿ. ಈಗ ಬಂಕಲ್ಲಿ ಸಿಗೋದು ಶೇ 20 ಎಥನಾಲ್ ಬೆರೆಸಿದ್ದು. ಒಂದು ಕೆಜಿ ಪೆಟ್ರೋಲ್ ಉರಿಯೋಕೆ ಸುಮಾರು 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಅಂದ್ರೆ ಅದೇ ಹಳೇ ಜೆಟ್ಟಲ್ಲಿ ಗಾಡಿ ಲೀನ್ ಆಗೇ ಓಡ್ತೈತೆ. ಕಂಪನಿ ಸೆಟಿಂಗೇ ವೇದವಾಕ್ಯ ಅನ್ನೋರ ಮಾತು ಇಲ್ಲಿ ನಡೆಯಲ್ಲ, ಒಂಚೂರು ರಿಚ್ ಬೇಕಾಗ್ತೈತೆ. ಹಳೇ ರಬ್ಬರ್ ಪೈಪನ್ನೂ ಎಥನಾಲ್ ತಿಂತೈತೆ, ಬದಲಾಯಿಸಿಬಿಡ್ರಿ.

ಟ್ಯೂನಿಂಗ್ ಕೊನೆಗೆ. ಟ್ಯಾಪೆಟ್ (ವಾಲ್ವ್ ಸಂದಿ), ಸ್ಪಾರ್ಕಿನ ಪಾಯಿಂಟ್, ಟೈಮಿಂಗ್ ಸರಿ ಮಾಡದೆ ಕಾರ್ಬೊರೇಟರ್ ಮುಟ್ಟೋ ಮೆಕ್ಯಾನಿಕ್‌ಗೆ ನಾನಂತೂ ಚಾವಿ ಕೊಡಲ್ಲ. ಅಂಬಾಸಿಡರಿನ 1489 ಸಿಸಿ ಇಂಜಿನ್ ಮೇಲೆ ಎಸ್‌ಯು ಕಂಪನಿ ಕಾರ್ಬೊರೇಟರ್ ಇದ್ರೆ ಅದರ ಮೇಲಿನ ಡ್ಯಾಶ್‌ಪಾಟಲ್ಲಿ ಆಯಿಲ್ ನೋಡ್ರಿ, ಕಾರ್ಬೊರೇಟರ್ ಒಳಗಿನ ಪಿಸ್ಟನ್ ಎತ್ತಿ ಬಿಟ್ರೆ ಟಕ್ ಅಂತ ಬೀಳಬೇಕು. ಬೀಳಲ್ಲ ಅಂದ್ರೆ ಪಿಸ್ಟನ್‌ಗೆ ಕೊಳೆ ಹಿಡಿದೈತೆ, ಇಲ್ಲಾಂದ್ರೆ ಜೆಟ್ ನಟ್ಟನಡುವೆ ಕೂತಿಲ್ಲ. ಇಂಜಿನ್ ಕಾದ ಮೇಲೆ ಅದೇ ಪಿಸ್ಟನ್ ಒಂದು ಮಿಲಿಮೀಟರಿಗಿಂತ ಕಮ್ಮಿ ಎತ್ರಿ. ಸ್ಪೀಡ್ ಏರಿ ಅಲ್ಲೇ ನಿಂತ್ರೆ ರಿಚ್, ಜೆಟ್ ನಟ್ ಮೇಲೇರಿಸ್ರಿ. ಬಂದ್ ಆಗೋಕೆ ಹೋದ್ರೆ ಲೀನ್, ಕೆಳಗಿಳಿಸ್ರಿ. ಕೊಂಚ ಏರಿ ಮತ್ತೆ ಮೊದಲಿನಂಗೆ ಆದ್ರೆ ಸ್ಪ್ಯಾನರ್ ಒಳಗಿಟ್ಟು ಬಾನೆಟ್ ಮುಚ್ರಿ.