ಅಜ್ಜನ ಜೀಪು ಯಾವ ಬಂದರಿಗೆ ಬಂತು?

ವೇದಿಕೆಯಲ್ಲಿರುವ ಹಿರಿಯರಿಗೂ ಕೆಳಗೆ ಕುಳಿತಿರುವ ಎಲ್ಲರಿಗೂ ನಮಸ್ಕಾರ. ವಾಚನಾಲಯದ ಅಂಗಳದಲ್ಲಿ ಇಷ್ಟು ಜೀಪು ನಿಂತಿರುವಾಗ ಪೀಠಿಕೆ ಬೇಕಾಗಿಲ್ಲ, ಮನೆಯ ಹಳೆಯ ಜೀಪು ಎಲ್ಲಿ ಹುಟ್ಟಿತು, ಹೇಗೆ ಇಲ್ಲಿಗೆ ಬಂತು ಎಂದು ಕಂಡುಹಿಡಿಯುವ ವಿಷಯಕ್ಕೆ ನೇರವಾಗಿ ಬರುತ್ತೇನೆ.

ನಮ್ಮ ಕಾಸರಗೋಡಿನಲ್ಲಿ ಪೆರ್ಲದಿಂದ ಬಂದಡ್ಕದ ತನಕ, ಹಳೆಯ ಜೀಪು ಇರುವ ಯಾವ ಮನೆಗೆ ಹೋದರೂ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಇದು ಮಿಲಿಟ್ರಿ ಗಾಡಿ ಮಾರಾಯ್ರೆ, ಬರ್ಮಾ ಯುದ್ಧದಲ್ಲಿ ಓಡಿದ್ದು." ಅವರು ಸುಳ್ಳು ಹೇಳುವುದಲ್ಲ. ಅವರ ಅಪ್ಪ ಹಾಗೆಯೇ ಹೇಳಿದ್ದರು. ಆದರೆ ಬಾನೆಟ್ ನೋಡಿದ ಕೂಡಲೇ ಹೆಚ್ಚಿನ ಕಥೆಗಳು ಅಲ್ಲಿಗೇ ನಿಲ್ಲುತ್ತವೆ. ಬಾನೆಟ್ ಎತ್ತರಕ್ಕೆ, ಚೌಕಾಕಾರವಾಗಿ ಎದ್ದು ನಿಂತಿದ್ದರೆ ಅದು ಸಿಜೆ-3ಬಿ ಎಂಬ ಮಾಡೆಲ್. ಹರಿಕೇನ್ ಎಂಬ ಎತ್ತರದ ಇಂಜಿನ್ ಒಳಗೆ ಹಿಡಿಸಲಿ ಎಂದು ಜೀಪು ಮಾಡುತ್ತಿದ್ದ ಅಮೆರಿಕದ ವಿಲ್ಲೀಸ್ ಕಂಪೆನಿ ಬಾನೆಟನ್ನೇ ಎತ್ತರಿಸಿತು. ಆ ಮಾಡೆಲ್ ಬಂದದ್ದು 1953ರಲ್ಲಿ. ಯುದ್ಧ 1945ಕ್ಕೇ ಮುಗಿದಿತ್ತು. ಅಮೆರಿಕದಲ್ಲಿ 1968ಕ್ಕೆ ನಿಂತ ಈ ಮಾಡೆಲನ್ನು ನಮ್ಮ ಮಹೀಂದ್ರಾದವರು ಅದರ ನಂತರವೂ ಎಷ್ಟೋ ವರ್ಷ ಹೆಸರು ಬದಲಿಸಿ ಬದಲಿಸಿ ಮಾಡುತ್ತಲೇ ಇದ್ದರು. ನಮ್ಮ ಅಡಕೆ ತೋಟಗಳಲ್ಲಿ ಓಡಿದ ಜೀಪುಗಳಲ್ಲಿ ಬಹುಪಾಲು ಈ ಜಾತಿಯವು.

ಹಾಗಾದರೆ ಯುದ್ಧದ ಜೀಪು ಹೇಗಿರುತ್ತದೆ? ಎದುರಿನ ಜಾಲರಿಯಲ್ಲಿ ಒಂಬತ್ತು ಸೀಳು ಇರುತ್ತವೆ. ಯುದ್ಧದ ನಂತರ ಜನರಿಗೆಂದು ಮಾಡಿದ್ದರಲ್ಲಿ ಏಳು. ಹಿಂದೆ ತೆರೆಯುವ ಡೋರ್ ಇಲ್ಲ, ಸ್ಟೆಪ್ನಿ ಹಿಂಬದಿಯಲ್ಲೇ ನೇತಾಡುತ್ತದೆ. ಪೆಟ್ರೋಲ್ ಹಾಕಬೇಕಾದರೆ ಡ್ರೈವರ್ ಸೀಟು ಎತ್ತಬೇಕು. ಹೆಡ್‌ಲೈಟನ್ನು ಹಿಂದಕ್ಕೆ ಮಗುಚಿದರೆ ಬೆಳಕು ಇಂಜಿನ್ ಮೇಲೆ ಬೀಳುತ್ತದೆ. ರಾತ್ರಿ ಕತ್ತಲೆಯಲ್ಲಿ ರಿಪೇರಿ ಮಾಡಲಿಕ್ಕೆ ಅಂಥ ಏರ್ಪಾಡು. ಇಷ್ಟೂ ಇದ್ದರೆ ಮಾತು ಮುಂದುವರಿಸಬಹುದು.

ಆಗ ಎರಡನೆಯ ಪ್ರಶ್ನೆ ಏಳುತ್ತದೆ: ಮಾಡಿದವರು ಯಾರು? ವಿಲ್ಲೀಸ್‌ನವರು ಒಹಾಯೊದ ಟೊಲೀಡೊ ಊರಿನಲ್ಲಿ ಎಂಬಿ ಎಂಬ ಹೆಸರಲ್ಲಿ ಸುಮಾರು 3,60,000 ಯುದ್ಧದ ಜೀಪು ಮಾಡಿದರು. ಬೇಡಿಕೆ ಪೂರೈಸಲಾಗದೆ ಅದೇ ನಕ್ಷೆಯನ್ನು ಫೋರ್ಡ್‌ಗೂ ಕೊಟ್ಟರು, ಅವರು ಜಿಪಿಡಬ್ಲ್ಯು ಎಂಬ ಹೆಸರಲ್ಲಿ ಸುಮಾರು 2,78,000 ಮಾಡಿದರು. ನೋಡಲಿಕ್ಕೆ ಅವಳಿ ಮಕ್ಕಳು. ರೇಡಿಯೇಟರ್ ಕೆಳಗೆ ತಲೆ ಹಾಕಿ ನೋಡಿ: ಚಾಸಿಯ ಮುಂದಿನ ಅಡ್ಡಪಟ್ಟಿ ದುಂಡು ಪೈಪ್ ಆಗಿದ್ದರೆ ವಿಲ್ಲೀಸ್, ತಲೆಕೆಳಗಾದ ಯು ಆಕಾರದಲ್ಲಿದ್ದರೆ ಫೋರ್ಡ್. ಫೋರ್ಡ್‌ನವರಿಗೆ ಇನ್ನೊಂದು ಹಟವಿತ್ತು, ತಾವು ಮಾಡಿದ ಭಾಗಗಳಿಗೆಲ್ಲ ಎಫ್ ಅಕ್ಷರ ಒತ್ತುವುದು. ಬೋಲ್ಟಿನ ತಲೆಯ ಮೇಲೂ ಎಫ್. ಆದರೆ ನಾಲ್ಕು ಎಫ್ ಬೋಲ್ಟ್ ಸಿಕ್ಕಿತೆಂದು ಗಾಡಿ ಫೋರ್ಡ್ ಆಗುವುದಿಲ್ಲ. ಗುಜರಿಯಿಂದ ಬೋಲ್ಟ್ ಯಾರೂ ತರಬಹುದು. ಅಡ್ಡಪಟ್ಟಿಯನ್ನು ಹಾಗೆ ಬದಲಿಸುವವರು ಅಪರೂಪ.

ಮೂರನೆಯದು ಪ್ಲೇಟ್. ಯುದ್ಧದ ಜೀಪಿನಲ್ಲಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆ ಬಾಗಿಲ ಮೇಲೆ ಪುಟ್ಟ ಫಲಕಗಳಿದ್ದವು. ಅದರಲ್ಲಿ ನಂಬರು ಮತ್ತು ಸೈನ್ಯಕ್ಕೆ ಒಪ್ಪಿಸಿದ ದಿನಾಂಕ ಒತ್ತಿರುತ್ತಿತ್ತು. ಕಾರ್ಖಾನೆ ಬಿಟ್ಟ ದಿನದ ಬಗ್ಗೆ ನಮಗೆ ಸಿಗುವ ಅತ್ಯಂತ ಹತ್ತಿರದ ಸಾಕ್ಷಿ ಅದೊಂದೇ. ನಮ್ಮ ಕಡೆಯ ಪೇಂಟರುಗಳು ಅದರ ಮೇಲೆ ಅದೆಷ್ಟು ಕೋಟ್ ಹೊಡೆದಿರುತ್ತಾರೆಂದರೆ ಅಕ್ಷರಗಳು ಪೂರ್ತಿ ಮುಚ್ಚಿಹೋಗಿರುತ್ತವೆ. ದಯವಿಟ್ಟು ಮರಳುಕಾಗದ ಹಾಕಿ ಉಜ್ಜಬೇಡಿ. ಹತ್ತಿಗೆ ಸ್ವಲ್ಪ ಥಿನ್ನರ್ ಹಾಕಿ, ಮೆಲ್ಲ ಮೆಲ್ಲ ಒರೆಸಿ, ಟಾರ್ಚನ್ನು ಎದುರಿನಿಂದ ಹಿಡಿಯದೆ ಬದಿಯಿಂದ ಓರೆಯಾಗಿ ಹಿಡಿಯಿರಿ. ಮೊದಲು ಹಸಿರು ಬಣ್ಣ ಬಿಡುತ್ತದೆ, ಆಮೇಲೆ ಕೆಂಪು, ಮತ್ತೆ ಹಸಿರು, ಮತ್ತೆ ಯಾರೋ ಹಬ್ಬಕ್ಕೆ ಹೊಡೆಸಿದ ಸಿಲ್ವರ್. ಅದರಡಿಯಲ್ಲಿ ಮೂರರ ಬಾಲ, ಎಂಟರ ಹೊಟ್ಟೆ ನೆರಳಾಗಿ ಮೇಲೆ ಬರುತ್ತದೆ.

ಈ ನಂಬರು ಹಿಡಿದು ಟೊಲೀಡೊಗೆ ಕಾಗದ ಬರೆದರೆ ಉತ್ತರ ಬಂದೀತೇ ಎಂದು ಕೇಳುವವರಿದ್ದಾರೆ. ಬಿಡಿಬಿಡಿ ಜೀಪಿನ ಮಟ್ಟಿಗೆ ಆಸೆ ಇಟ್ಟುಕೊಳ್ಳಬೇಡಿ. ವಿಲ್ಲೀಸ್ 1953ರಲ್ಲಿ ಕೈಸರ್ ಕಂಪೆನಿಯ ಪಾಲಾಯಿತು, 1970ರಲ್ಲಿ ಎಎಂಸಿ ಕಂಪೆನಿಯ ಪಾಲು, 1987ರಲ್ಲಿ ಕ್ರೈಸ್ಲರ್ ಪಾಲು. ಅಷ್ಟು ಮನೆ ಬದಲಿಸಿದವರ ಕಡತ ಏನಾಗುತ್ತದೆಂದು ಇಲ್ಲಿ ಕುಳಿತ ಅವಿಭಕ್ತ ಕುಟುಂಬದವರಿಗೆ ಹೇಳಬೇಕಾಗಿಲ್ಲ. ಲ್ಯಾಂಡ್ ರೋವರ್ ಇದ್ದವರು ಮಾತ್ರ ಅದೃಷ್ಟವಂತರು. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಹಳೆಯ ರವಾನೆ ಪುಸ್ತಕಗಳನ್ನು ಕಾಪಾಡಿಕೊಂಡಿದೆ. ಶುಲ್ಕ ಕಟ್ಟಿದರೆ ಗಾಡಿ ಎಂದು ತಯಾರಾಯಿತು, ಎಂದು ಹೊರಟಿತು, ಯಾವ ಡೀಲರಿಗೆ ಹೋಯಿತು, ಮೂಲ ಬಣ್ಣ ಯಾವುದು ಎಂದು ಸರ್ಟಿಫಿಕೇಟ್ ಕೊಡುತ್ತದೆ. ಅದಕ್ಕೂ ಮೊದಲು ನಂಬರೇ ಅರ್ಧ ಕಥೆ ಹೇಳುತ್ತದೆ. ಮುಂದಿನ ಹಿಂದಿನ ಚಕ್ರಗಳ ನಡುವೆ 88 ಇಂಚು ಇರುವ, ಸೀರೀಸ್ 2ಎ ಎಂಬ ಪೆಟ್ರೋಲ್ ಲ್ಯಾಂಡ್ ರೋವರಿನ ಚಾಸಿ ನಂಬರು 241ರಿಂದ ಶುರುವಾದರೆ ಇಂಗ್ಲೆಂಡಿನಲ್ಲೇ ಮಾರಲು ಮಾಡಿದ್ದು, 242 ಆದರೆ ರಫ್ತಿಗೆ, 243 ಆದರೆ ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಹೋಗಿ ಬೇರೆ ದೇಶದಲ್ಲಿ ಜೋಡಿಸಿದ್ದು. ಮೂರೂ ಬಲಗಡೆ ಸ್ಟೇರಿಂಗ್‌ನವು. ಮೂರೇ ಅಂಕಿಯಲ್ಲಿ ಹಡಗಿನ ಕಥೆ.

ನಮ್ಮ ಜೀಪುಗಳೂ ಪೆಟ್ಟಿಗೆಯಲ್ಲಿ ಬಂದವೇ. 1945ರಲ್ಲಿ ಶುರುವಾದ ಮಹೀಂದ್ರಾ ಅಂಡ್ ಮೊಹಮ್ಮದ್ ಕಂಪೆನಿಯ ಪಾಲುದಾರ ಗುಲಾಂ ಮೊಹಮ್ಮದ್ ದೇಶವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಕೂಡ. ಇಲ್ಲಿ ಹೆಸರು 1948ರಲ್ಲಿ ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು. ವಿಲ್ಲೀಸ್‌ನಿಂದ ಭಾಗಗಳನ್ನು ತರಿಸಿ ಮುಂಬೈಯಲ್ಲಿ ಜೋಡಿಸಿ ಮಾರಿದರು. ಹಾಗಾಗಿ ಆಗಿನ ಒಂದು ಜೀಪಿಗೆ ಮೂರು ಹುಟ್ಟುದಿನ: ಟೊಲೀಡೊದಿಂದ ಹೊರಟದ್ದು, ಮುಂಬೈಯಲ್ಲಿ ಜೋಡಿಸಿದ್ದು, ಇಲ್ಲಿ ರಿಜಿಸ್ಟರ್ ಆದದ್ದು. ಆರ್‌ಸಿಯಲ್ಲಿ ಒಂದೇ ಕಾಲಂ. ಗುಮಾಸ್ತರು ತೋಚಿದ್ದನ್ನು ತುಂಬಿದ್ದಾರೆ. ಇಸವಿ ಹೊಂದುವುದಿಲ್ಲವೆಂದು ಗಾಡಿಯನ್ನೇ ಕಳ್ಳಮಾಲು ಅನ್ನಬೇಡಿ.

"ನಮ್ಮದು ಮಂಗಳೂರು ಬಂದರಿನಲ್ಲೇ ಹಡಗಿನಿಂದ ಇಳಿದದ್ದು" ಎನ್ನುವವರಿಗೆ ಒಂದು ಮಾತು. ದೊಡ್ಡ ಹಡಗು ದಡಕ್ಕೆ ತಾಗಿ ನಿಲ್ಲುವ ಪಣಂಬೂರಿನ ನವಮಂಗಳೂರು ಬಂದರು ಶುರುವಾದದ್ದೇ 1970ರ ದಶಕದ ನಡುವೆ. ಅದಕ್ಕೆ ಮುಂಚೆ ಹಳೆಯ ಬಂದರಿನಲ್ಲಿ ಹಡಗು ದೂರ ಕಡಲಲ್ಲೇ ನಿಂತು ಸಾಮಾನು ದೋಣಿಯಲ್ಲಿ ಬರಬೇಕಿತ್ತು. ಕೊಂಕಣ ರೈಲು 1998ರದ್ದು. ಅಂದರೆ 1950ರ ದಶಕದಲ್ಲಿ ಮುಂಬೈಯ ಜೀಪು ರೈಲಿನಲ್ಲಿ ಬರಬೇಕಾದರೆ ಮದ್ರಾಸಿನ ಕಡೆಯಿಂದ, ಶೊರನೂರು ಸುತ್ತಿಕೊಂಡೇ ಬರಬೇಕಿತ್ತು. ಹಳೆಯ ಬಿಲ್ಲಿನ ಜೊತೆ ರೈಲ್ವೆ ರಶೀದಿ ಸಿಕ್ಕಿದರೆ ಅದನ್ನು ಎಸೆಯಬೇಡಿ, ನಿಮ್ಮ ಜೀಪಿನ ಪಾಲಿಗೆ ಹಡಗಿನ ದಾಖಲೆ ಅದೇ.

1948ರಲ್ಲಿ ಕಾಶ್ಮೀರ ಯುದ್ಧಕ್ಕೆಂದು ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ಕೃಷ್ಣ ಮೆನನ್ ತರಿಸಿದ ಜೀಪುಗಳ ಹಗರಣ ಹಿರಿಯರಿಗೆ ನೆನಪಿರಬಹುದು. ಆರ್ಡರ್ ಮಾಡಿದಷ್ಟರಲ್ಲಿ ಬಂದದ್ದು 155 ಮಾತ್ರ ಎನ್ನುತ್ತಾರೆ. ಆ 155ರಲ್ಲಿ ಒಂದು ತಮ್ಮದೆನ್ನುವ ಮನೆಗಳನ್ನೆಲ್ಲ ಲೆಕ್ಕ ಹಾಕಿದರೆ ಹಗರಣವೇ ಆಗುತ್ತಿರಲಿಲ್ಲ!

ಈಗ ನಮ್ಮ ಗಡಿನಾಡಿನದ್ದೇ ಆದ ತೊಡಕು. 1956ರ ಅಕ್ಟೋಬರಿನ ತನಕ ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಜಿಲ್ಲಾ ಕೇಂದ್ರ ಮಂಗಳೂರು. ನವೆಂಬರ್ 1ಕ್ಕೆ ಕೇರಳ. 1957ರಿಂದ ಕಣ್ಣೂರು ಜಿಲ್ಲೆ. ನಮ್ಮದೇ ಜಿಲ್ಲೆ ಆದದ್ದು 1984ರ ಮೇ 24ಕ್ಕೆ. ಜೀಪು ಮನೆಯ ಕೊಟ್ಟಿಗೆಯಿಂದ ಅಲುಗಾಡಲಿಲ್ಲ, ಅದರ ಕಡತ ಮಾತ್ರ ಊರೂರು ತಿರುಗಿತು. ಅದೇ ಜೀಪನ್ನು ಸುಳ್ಯದ ಭಾವನಿಗೆ ಮಾರಿದರೆ ಎನ್‌ಒಸಿ ಆಗಿ ಮತ್ತೊಂದು ರಾಜ್ಯದ ನಂಬರು. ಆದ್ದರಿಂದ ಈಗಿನ ಆರ್‌ಸಿಯಿಂದ ಹಿಂದಕ್ಕೆ ನಡೆಯಿರಿ. ಅದರಲ್ಲಿ ಹಿಂದಿನ ನಂಬರು ಇದೆಯೇ ನೋಡಿ. ಆ ನಂಬರಿನ ಆರ್‌ಟಿಒ ಕಚೇರಿಯಲ್ಲಿ ಬಿ ಎಕ್ಸ್‌ಟ್ರಾಕ್ಟ್, ಅಂದರೆ ನೋಂದಣಿ ಪುಸ್ತಕದ ಆ ಹಾಳೆಯ ನಕಲು, ಕೇಳಿ, ಅಲ್ಲಿಂದ ಅದಕ್ಕೂ ಹಿಂದಿನದು. ಕಾಸರಗೋಡಿನವರು ಕೆಎಲ್-14ರ ಕಚೇರಿಯಲ್ಲೇ ಕುಳಿತು ಕಾದರೆ ಅಜ್ಜನ ಕಾಲದ ಮೊದಲ ಹಾಳೆ ಸಿಗಲಾರದು.

ಕಚೇರಿಗಿಂತ ನನಗೆ ಹೆಚ್ಚು ಭರವಸೆ ಮನೆಯ ಅಟ್ಟದ ಮೇಲೆ. ಸಾಲ ತೆಗೆದು ಗಾಡಿ ಕೊಂಡಿದ್ದರೆ ಬ್ಯಾಂಕಿನ ಪತ್ರ ಇರುತ್ತದೆ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಇಂಜಿನ್ ನಂಬರು, ಚಾಸಿ ನಂಬರು ಎರಡೂ ಇರುತ್ತವೆ. ಎಲ್ಲಕ್ಕಿಂತ ಬೆಲೆಯದ್ದು ಚಾಸಿ ಪ್ರಿಂಟ್: ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಪಡಿಯಚ್ಚು. ಕೈಬರಹದಲ್ಲಿ ಒಂದು ಏಳಾಗಬಹುದು, ಪೆನ್ಸಿಲ್ ಅಚ್ಚಿನಲ್ಲಿ ಆಗುವುದಿಲ್ಲ. ಈಗಿನ ಚಾಸಿಯ ಅಂಕಿಗಳ ಆಕಾರ, ನಡುವಿನ ಅಂತರ ಹಳೆಯ ಅಚ್ಚಿಗೆ ಹೊಂದದಿದ್ದರೆ ನಡುವೆ ಯಾರೋ ಕೈಯಾಡಿಸಿದ್ದಾರೆ.

ಇತಿಹಾಸ ಹುಡುಕುವಾಗ ಇಂಜಿನ್ ನಂಬರಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು ಬೇಡ. ಪೆಟ್ರೋಲ್ ದುಬಾರಿಯಾದ ಮೇಲೆ ನಮ್ಮಲ್ಲಿ ಎಷ್ಟೋ ಗಾಡಿಗಳಿಗೆ ಡೀಸೆಲ್ ಇಂಜಿನ್ ಏರಿಸಿದರು, ಬಂದಡ್ಕದ ಏರುದಾರಿಯಲ್ಲಿ ಆಳು ತುಂಬಿಸಿ ಓಡಿಸುವವರಿಗೆ ಬೇರೆ ದಾರಿ ಇರಲಿಲ್ಲ. ಆ ಬದಲಾವಣೆಯೂ ಗಾಡಿಯ ಇತಿಹಾಸವೇ. ಸೈನ್ಯದಿಂದ ಹರಾಜಿನಲ್ಲಿ ಬಂದ ಜೋಂಗಾ (ಜೀಪಿನಂಥದೇ ಸೈನ್ಯದ ಗಾಡಿ) ಅಥವಾ ಜೀಪು ಆದರೆ ಬಣ್ಣದಡಿಯಲ್ಲಿ ಬಾಣದ ಗುರುತು ಹುಡುಕಿ. ಬಾಣದ ಮುಂದಿನ ಎರಡಂಕಿ ಸೈನ್ಯ ಅದನ್ನು ಪಡೆದ ವರ್ಷ.

ಇದೆಲ್ಲ ಈಗ ಯಾಕೆ ಬೇಕೆಂದರೆ, 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. 50 ವರ್ಷ ದಾಟಿರಬೇಕು, ಬಾಡಿಗೆಗೆ ಓಡಿಸಬಾರದು, ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ವಿಎ ಅಕ್ಷರ. ಹೊರದೇಶದಿಂದ ತಂದದ್ದಾದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ, ಇಲ್ಲೇ ನೋಂದಣಿ ಆಗಿದ್ದರೆ ಹಳೆಯ ಆರ್‌ಸಿ ಕೇಳುತ್ತಾರೆ. ಈ ನಿಯಮ ಬಂದ ಮೇಲೆ, ಸವೆದ ನಂಬರನ್ನು "ಸ್ವಲ್ಪ ಸ್ಪಷ್ಟ ಮಾಡಿಕೊಡುತ್ತೇವೆ" ಎಂದು ಪಂಚ್ ಸೆಟ್ ಹಿಡಿದು ಬರುವವರು ಹೆಚ್ಚಾಗಿದ್ದಾರೆ. ಅಂಥವರು ಜಾಲಿಗೆ ಬಂದರೆ ಒಂದು ಲೋಟ ನೀರು, ಬೆಲ್ಲ ಕೊಟ್ಟು ಕಳಿಸಿ. ಅರ್ಧ ಸವೆದ ಮೂಲ ನಂಬರನ್ನು ಓದುವ ದಾರಿಗಳಿವೆ. ಅದರ ಮೇಲೆ ಹೊಸದು ಹೊಡೆದ ಮೇಲೆ ಅದು ಅಪರಾಧದ ಕೇಸು, ಮತ್ತು ಕೆಳಗಿದ್ದದ್ದನ್ನು ಓದುವುದು ಬಹಳ ಕಷ್ಟ.

ಮಾತು ಇಷ್ಟೇ. ಟಾರ್ಚು, ಹತ್ತಿ, ಪೆನ್ಸಿಲ್ ತಂದಿದ್ದೇನೆ. ಗಾಡಿ ತಂದವರು ಬಾನೆಟ್ ಎತ್ತಿ ಇಡಿ, ಒಂದೊಂದಾಗಿ ನೋಡುವ.