ಒತ್ತಿದರೆ ಅರ್ಥ ಹೇಳುವ ಸಬ್‌ಟೈಟಲ್

ನಮಸ್ಕಾರ. ಪರದೆ ಮೇಲೆ ಕಾಣುತ್ತಿರುವುದು ಕನ್ನಡ ಕಲಿಯುವವರಿಗಾಗಿ ನಾನು ಕಟ್ಟುತ್ತಿರುವ ವಿಡಿಯೊ ಪ್ಲೇಯರ್. ಸಬ್‌ಟೈಟಲ್ ಕನ್ನಡದಲ್ಲೇ ಬರುತ್ತದೆ. ಗೊತ್ತಿಲ್ಲದ ಪದ ಒತ್ತಿ. ನೋಡಿ, ವಿಡಿಯೊ ನಿಂತಿತು, ಅರ್ಥ ಬಂತು. ಇಂಗ್ಲಿಷ್ ಸಾಲನ್ನು ಬೇಕಂತಲೇ ಇಟ್ಟಿಲ್ಲ. ಅದು ಇದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ, ಅಲ್ವಾ?

ವಿಡಿಯೊ ಭಾಗ ಸುಲಭ. ಬ್ರೌಸರ್‌ನ ವಿಡಿಯೊ ಟ್ಯಾಗ್ ಒಳಗೆ ಟ್ರ್ಯಾಕ್ ಟ್ಯಾಗ್ ಇಟ್ಟು, ವೆಬ್‌ವಿಟಿಟಿ ಫೈಲ್, ಅಂದರೆ ಯಾವ ಸಾಲು ಯಾವಾಗ ಬರಬೇಕೆಂದು ಬರೆದ ಸಬ್‌ಟೈಟಲ್ ಫೈಲ್, ಕೊಟ್ಟರೆ ಆಯಿತು. ಆದರೆ ಬ್ರೌಸರ್ ತಾನಾಗಿ ತೋರಿಸುವ ಪದಗಳನ್ನು ಒತ್ತಲು ಆಗುವುದಿಲ್ಲ. ಅದಕ್ಕೇ ಟ್ರ್ಯಾಕನ್ನು 'ಹಿಡನ್' ಮೋಡ್‌ಗೆ ಹಾಕಿದ್ದೇನೆ. ಸಾಲು ಕಾಣುವುದಿಲ್ಲ, ಆದರೆ ಬದಲಾದಾಗಲೆಲ್ಲ ಬ್ರೌಸರ್‌ನಿಂದ 'ಕ್ಯೂಚೇಂಜ್' ಇವೆಂಟ್, ಅಂದರೆ ಒಂದು ಸೂಚನೆ, ಬರುತ್ತದೆ. ಆಗ ಆ ಸಾಲನ್ನು ಬಿಡಿಸಿ, ಒಂದೊಂದು ಪದವನ್ನೂ ಬಟನ್ ಮಾಡಿ ನಾನೇ ತೋರಿಸುತ್ತೇನೆ.

ನಿಜವಾದ ಕೆಲಸ ಶುರುವಾಗುವುದು ಪದ ಒತ್ತಿದ ಮೇಲೆ. 'ಮನೆಯಲ್ಲಿದ್ದವರಿಗೆ' ಅಂತ ಯಾವ ನಿಘಂಟಿನಲ್ಲೂ ಹುಡುಕಿದರೆ ಸಿಗುವುದಿಲ್ಲ. ಸಿಗುವುದು 'ಮನೆ', 'ಇರು'. ಹಾಗಾಗಿ ಪ್ರೋಗ್ರಾಮ್ ಪದದ ಕೊನೆಯಿಂದ ಒಂದೊಂದೇ ಪ್ರತ್ಯಯ ಕಳಚುತ್ತಾ, ಪ್ರತಿ ಸಲವೂ ನಿಘಂಟು ನೋಡುತ್ತದೆ. ನಾನು ಬಳಸುವುದು 'ಅಲರ್' ಎಂಬ ಕನ್ನಡ-ಇಂಗ್ಲಿಷ್ ನಿಘಂಟು. ಅದರ ಡೇಟಾ ಎಲ್ಲರಿಗೂ ಮುಕ್ತ. ಅದು ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕುತ್ತಲೇ ಇರಲಿಲ್ಲ.

ಸುಮ್ನೆ ಕತ್ತರಿಸುತ್ತಾ ಹೋದರೂ ಆಗದು. 'ಮಲ್ಲಿಗೆ'ಯಲ್ಲಿ 'ಗೆ' ತೆಗೆದರೆ ಹೂವೇ ಹೋಗಿ 'ಮಲ್ಲಿ' ಉಳಿಯುತ್ತಾಳೆ. ಅದಕ್ಕೆ ಮೊದಲು ಇಡೀ ಪದ ಹುಡುಕಬೇಕು, ಸಿಗದಿದ್ದರೆ ಮಾತ್ರ ಕತ್ತರಿ. ಇನ್ನು 'ಬಂದ'ದಿಂದ 'ಬರು', 'ತಂದ'ದಿಂದ 'ತರು' ಇಂಥವಕ್ಕೆಲ್ಲ ಕೈಯಾರೆ ಬರೆದ ಪಟ್ಟಿ ಇದೆ.

ಜಾಸ್ತಿ ಹೊತ್ತು ಹಿಡಿಯುತ್ತಿರುವುದು ಆಡುಮಾತು. ಪಾಠದಲ್ಲಿ 'ಬರುತ್ತೇನೆ' ಕಲಿತವರು ಬಸ್ಸಿನಲ್ಲಿ ಕೇಳುವುದು 'ಬರ್ತೀನಿ'. ಸಬ್‌ಟೈಟಲನ್ನು ಗ್ರಾಂಥಿಕವಾಗಿ ತಿದ್ದಿಬಿಡಬಹುದಿತ್ತು, ನನಗೆ ಮನಸ್ಸಾಗಲಿಲ್ಲ. ಕಿವಿಗೆ ಬಿದ್ದದ್ದೇ ಕಣ್ಣಿಗೂ ಕಾಣಬೇಕು. ಒತ್ತಿದಾಗ ಎರಡೂ ರೂಪ ತೋರಿಸುತ್ತೇನೆ. ಪಕ್ಕದ ಬಟನ್ ಒತ್ತಿದರೆ ವಿಡಿಯೊ ಆ ಸಾಲಿನ ಶುರುವಿಗೆ ಹೋಗಿ, ಅಷ್ಟನ್ನೇ ಮತ್ತೆ ಕೇಳಿಸುತ್ತದೆ.

ಸದ್ಯಕ್ಕೆ ಇರುವುದು ಬೆಂಗಳೂರು, ಮೈಸೂರು ಕಡೆಯ ರೂಪಗಳು. ಧಾರವಾಡದ ಕಡೆಯ 'ಮಾಡಾಕತ್ತಾರ' ಒತ್ತಿದರೆ 'ಮಾಡು' ಇನ್ನೂ ಸಿಗುತ್ತಿಲ್ಲ. ಈ ವಾರ ಆ ಪಟ್ಟಿಯನ್ನೇ ಬರೆಯುತ್ತಿದ್ದೇನೆ.